ಸೋಡಚೀಟಿಗೆ ಎಷ್ಟು ಖರ್ಚು?

ನಮ್ಮ ಕಾಕಾನ ಹತ್ತಿರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇದೆ. ಮಗಳ ಮದುವೆ ಖರ್ಚೆಲ್ಲ ಅದರಲ್ಲಿದೆ. ಕಲ್ಯಾಣ ಮಂಟಪ, ಅಡುಗೆಯವರು, ವಾಲಗ, ತಾಂಬೂಲದ ಚೀಲ, ಒಂದೂ ಬಿಟ್ಟಿಲ್ಲ. ಆ ಮದುವೆ ಉಳಿಯಲಿಲ್ಲ. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ಇನ್ನೊಂದು ಪಟ್ಟಿ ಶುರುವಾಯಿತು, ಸೋಡಚೀಟಿಯದು, ಅಂದರೆ ವಿಚ್ಛೇದನದ್ದು. ಕಳೆದ ಸಲ ರಾಣೆಬೆನ್ನೂರಿಗೆ ಹೋದಾಗ ಅದನ್ನು ನನ್ನ ಮುಂದೆ ಹಿಡಿದರು. "ತಮ್ಮಾ, ನಿಮ್ಮ ಲಂಡನ್ನಿನ್ಯಾಗ ಇದಕ್ಕ ಎಷ್ಟ್ ಖರ್ಚ್ ಆಕ್ಕೇತಿ?"

ನಾನಿರುವುದು ಲಂಡನ್ನಲ್ಲ, ರೆಡಿಂಗ್. ಊರಲ್ಲಿ ಯಾರಿಗೂ ಆ ವ್ಯತ್ಯಾಸ ಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಕೋರ್ಟಿನ ಶುಲ್ಕ 612 ಪೌಂಡ್ ಎಂದೆ. ಹೆಚ್ಚುಕಡಿಮೆ 70 ಸಾವಿರ ರೂಪಾಯಿ. ಕಾಕಾ ಕನ್ನಡಕ ಏರಿಸಿ ತಮ್ಮ ಪಟ್ಟಿ ಕೂಡಿಸಿದರು. "ನಮ್ದೂ ಅಷ್ಟ ಆಗೇತಲ್ಲೋ!"

ಮೊತ್ತ ಒಂದೇ. ಆದರೆ ಖರ್ಚಾದ ರೀತಿ ಒಂದೇ ಅಲ್ಲ.

ರೆಡಿಂಗಿನಲ್ಲಿ ನಮಗೆ ಗೊತ್ತಿರುವ ಒಂದು ಜೋಡಿ ಹೋದ ವರ್ಷ ಬೇರೆಯಾಯಿತು. ಇಬ್ಬರೂ ನಮ್ಮ ಕಡೆಯವರೇ. ಒಂದು ಸಂಜೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜಂಟಿ ಅರ್ಜಿ ತುಂಬಿದರು. ಮದುವೆ ನೋಂದಣಿ ಪತ್ರ ಕನ್ನಡದಲ್ಲಿತ್ತು, ಅದನ್ನು ಅನುವಾದ ಮಾಡಿಸಿದರು. ಅವನು ಕಾರ್ಡಿನಲ್ಲಿ 612 ಕಟ್ಟಿದ, ಅವಳು ಅವನ ಖಾತೆಗೆ 306 ಹಾಕಿದಳು. 20 ವಾರ ಕಾದರು. ಮೊದಲ ಆದೇಶ ಬಂತು. ಮತ್ತೆ ಆರು ವಾರ, ಒಂದು ದಿನ. ಅಷ್ಟೇ. ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಯಾಕೆ ಬಿಡುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. 2022ರ ಏಪ್ರಿಲ್ 6ಕ್ಕೆ ಮುಂಚೆ ಹೀಗಿರಲಿಲ್ಲ. ತಕ್ಷಣ ಬೇರೆಯಾಗಬೇಕಂದ್ರೆ ಒಬ್ಬರು ಇನ್ನೊಬ್ಬರ ಮೇಲೆ ತಪ್ಪು ಹೊರಿಸಲೇಬೇಕಿತ್ತು. ಇಲ್ಲವಾದರೆ ಕನಿಷ್ಠ ಎರಡು ವರ್ಷ ಬೇರೆ ಇದ್ದು ಆಮೇಲೆ ಬರಬೇಕಿತ್ತು.

ಈಗ ನಮ್ಮ ತಂಗಿಯ, ಅಂದರೆ ಕಾಕಾನ ಮಗಳ ಕಥೆ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ, ಇಬ್ಬರೂ ಒಪ್ಪಿ ಬೇರೆಯಾಗುವ 13ಬಿ ಸೆಕ್ಷನ್ ಪ್ರಕಾರ ಮೊದಲು ಒಂದು ವರ್ಷ ಬೇರೆ ಇರಬೇಕು. ಆಮೇಲೆ ಅರ್ಜಿ. ಅರ್ಜಿಯಾದ ಮೇಲೆ ಆರು ತಿಂಗಳು ಕಾದು ಮತ್ತೆ ಕೋರ್ಟಿಗೆ ಬಂದು, ಹೌದು, ಮನಸ್ಸು ಬದಲಾಗಿಲ್ಲ ಅನ್ನಬೇಕು. ಈ ಆರು ತಿಂಗಳನ್ನು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆದರೆ ಆ ತೀರ್ಪಿನ ಪ್ರಕಾರ ಅದಕ್ಕೆ ಅರ್ಜಿಗೂ ಮುಂಚೆ ಒಂದೂವರೆ ವರ್ಷ ಬೇರೆ ಇದ್ದಿರಬೇಕು. ತಂಗಿಯದು ಒಂದು ವರ್ಷ ಒಂದು ತಿಂಗಳಾಗಿತ್ತು.

ಕೋರ್ಟಿನ ಶುಲ್ಕ ಅಂತ ಕಾಕಾ ಬರೆದಿರುವ ಮೊತ್ತ ನೋಡಿದರೆ ನಗು ಬರುತ್ತದೆ, ಅಷ್ಟು ಕಡಿಮೆ. ಕೆಳಗಿನ ಸಾಲುಗಳೇ ಬೇರೆ. ವಕೀಲರು ಮೊದಲು 45 ಸಾವಿರ ಎಂದಿದ್ದರು, "ಎಲ್ಲ ಸೇರಿ". ಆಮೇಲೆ ಟೈಪಿಂಗ್, ನೋಟರಿ, ಅಫಿಡವಿಟ್, ನಕಲು ಪ್ರತಿ, ಗುಮಾಸ್ತರ ಚಾ-ಪಾನಿ. ಒಂದು ದಿನ ಜಡ್ಜ್ ರಜೆ ಅಂತ ಬರೀ ತಾರೀಖು ಸಿಕ್ಕಿತು. ಅವತ್ತು ಅಳಿಯ ಪುಣೆಯಿಂದ ವಿಮಾನದಲ್ಲಿ ಬಂದಿದ್ದ, ಕಾಕಾ ರಾತ್ರಿ ರೈಲಿನಲ್ಲಿ. ತಂಗಿ ಆಫೀಸಿಗೆ ಹಾಕಿದ ರಜೆಗಳು ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ನನಗೆ ಸಿಟ್ಟು ಬರುವುದು ಮೊತ್ತಕ್ಕಲ್ಲ. ಎಷ್ಟಾಗುತ್ತದೆ ಅಂತ ಮೊದಲೇ ಹೇಳುವವರು ಒಬ್ಬರೂ ಇಲ್ಲವಲ್ಲ, ಅದಕ್ಕೆ. ಇಬ್ಬರೂ ಒಪ್ಪಿ ಬಂದವರು. ಜಗಳ ಇಲ್ಲ. ಆದರೆ ಪ್ರತಿ ತಾರೀಖಿಗೂ ಈ ಸಲ ಯಾರು ಕೊಡಬೇಕು ಎಂಬ ಮಾತು ಬಂದು, ಇಲ್ಲದ ಜಗಳ ಹುಟ್ಟಿತು. ತಮಾಷೆ ಅಂದ್ರೆ, 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಈ ಕೋರ್ಟಿನಲ್ಲಿ ವಕೀಲರನ್ನಿಟ್ಟುಕೊಳ್ಳುವುದು ಯಾರ ಹಕ್ಕೂ ಅಲ್ಲ. ನೇರವಾಗಿ ಜನರೇ ಬಂದು ಮಾತಾಡಲಿ ಅಂತ ಇರಬೇಕು. ಆದರೆ ನಮ್ಮಂಥವರು ತಾವೇ ತುಂಬಬಹುದಾದ ಒಂದು ಸರಳ ಫಾರಂ ಎಲ್ಲಿದೆ? ದೂರ ಇರುವವರನ್ನು ವಿಡಿಯೋದಲ್ಲೇ ವಿಚಾರಿಸಬಹುದು ಅಂತಲೂ ಅದೇ 2017ರ ತೀರ್ಪಿನಲ್ಲಿದೆ. ಕೇಳಬೇಕು ಅಂತ ತಂಗಿಗೆ ಯಾರೂ ಹೇಳಲಿಲ್ಲ.

ಹಾಗಂತ ಇಂಗ್ಲೆಂಡನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿಲ್ಲ. 2016ರಲ್ಲಿ ಇಲ್ಲಿನ ಸರ್ಕಾರ ಈ ಶುಲ್ಕವನ್ನು 410ರಿಂದ 550ಕ್ಕೆ ಏರಿಸಿತು, ಅದೂ ತನಗೆ ಬೀಳುವ ಖರ್ಚಿಗಿಂತ ಜಾಸ್ತಿ ಎಂದು ಗೊತ್ತಿದ್ದೇ. ಬಡವರಿಗೆ ರಿಯಾಯಿತಿ ಇದೆ, ಸರಿ. ಆದರೆ 612 ಕೊಟ್ಟರೆ ಮುಗಿಯುವುದು ಮದುವೆ ಮಾತ್ರ, ದುಡ್ಡಿನ ಸಂಬಂಧ ಅಲ್ಲ. ಅದಕ್ಕೆ ಬೇರೆ ಒಪ್ಪಂದದ ಆದೇಶ ಬೇಕು. ಅದನ್ನು ಬರೆಯಲು ವಕೀಲರು ಕೇಳುವುದು ಹಲವು ಸಲ ಕೋರ್ಟಿನ ಶುಲ್ಕಕ್ಕಿಂತ ಜಾಸ್ತಿ. ಆ ಆದೇಶ ಇಲ್ಲದೆ ಹೋದರೆ ಏನಾಗುತ್ತದೆ ಅನ್ನುವ ಕಥೆಯೂ ಇದೆ. ಡೇಲ್ ವಿನ್ಸ್ ಎಂಬವರ ಮದುವೆ 1992ರಲ್ಲಿ ಮುರಿದಾಗ ಕೈಯಲ್ಲಿ ಕಾಸಿರಲಿಲ್ಲ. ಆಮೇಲೆ ಗಾಳಿ ವಿದ್ಯುತ್ತಿನಲ್ಲಿ ದೊಡ್ಡ ಶ್ರೀಮಂತರಾದರು. 2011ರಲ್ಲಿ ಮಾಜಿ ಹೆಂಡತಿ ಪಾಲು ಕೇಳಿದರು. ಕೇಳಬಹುದು ಎಂದು 2015ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿತು.

ಇನ್ನೊಂದು ಮಾತು ತಂಗಿಯೇ ಹೇಳಿದ್ದು. ಕೋರ್ಟಿನಲ್ಲಿ ಸಮಾಲೋಚನೆ ಮಾಡಿದ ಹೆಂಗಸು ಅರ್ಧ ಗಂಟೆ ಅವಳ ಮಾತು ಕೇಳಿದರಂತೆ. ಯಾರ ಪಕ್ಷವನ್ನೂ ಹಿಡಿಯದೆ ಕೇಳಿದವರು ಅವರೊಬ್ಬರೇ ಅಂದಳು. ರೆಡಿಂಗಿನ ಗೆಳೆಯನಿಗೆ ಅಂಥ ಅರ್ಧ ಗಂಟೆ ಸಿಗಲಿಲ್ಲ. ಕೊನೆಯ ಆದೇಶ ಇಮೇಲಿನಲ್ಲಿ ಬಂದಾಗ ಅವನು ಬಸ್ಸಿನಲ್ಲಿದ್ದನಂತೆ. ಇಳಿಯುವ ಸ್ಟಾಪ್ ದಾಟಿ ಹೋಯಿತು ಅಂದ.

ನಮ್ಮಜ್ಜಿಗೆ ಈ ವರ್ಷಗಟ್ಟಲೆ ಕಾಯುವುದೇ ಅರ್ಥವಾಗುತ್ತಿರಲಿಲ್ಲ. "ಹಿರ್‍ಯಾರು ಕುಂತು ಸೋಡಚೀಟಿ ಬರಸಿದ್ರ ಮುಗೀತಿತ್ತು" ಅನ್ನುತ್ತಿದ್ದಳು. ಆ ಹಿರಿಯರಲ್ಲಿ ಒಬ್ಬ ಹೆಂಗಸೂ ಇರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಕಾಕಾನ ಪಟ್ಟಿಯ ಕೊನೆಯ ಸಾಲು ಆದೇಶ ಬಂದ ದಿನದ್ದು. "ಮೂವರ ಊಟ, ನಾನು, ಮಗಳು, ಅಳಿಯ: 540." ಅವನನ್ನು ಈಗಲೂ ಅಳಿಯ ಅಂತ ಬರೆದಿದ್ದೀರಲ್ಲ ಎಂದೆ. "ಊಟ ಮಾಡುವಾಗ ಇನ್ನೂ ನಕಲು ಪ್ರತಿ ಬಂದಿರಲಿಲ್ಲೋ" ಅಂದು ಪುಸ್ತಕ ಮುಚ್ಚಿದರು.