ಗಾಜಿನ ಪಂಜರಕ್ಕಿಂತ ದಡಾರಕ್ಕೇ ಹೆದರಿದೆ

ನೆಟ್‌ಫ್ಲಿಕ್ಸ್‌ನ ‘ಯೂ’ ಸರಣಿಯನ್ನು ಥ್ರಿಲ್ಲರ್ ಅಂತ ನೋಡಲು ಕೂತರೆ ಎರಡನೇ ಸೀಸನ್ನಿಗೇ ಸುಸ್ತಾಗುತ್ತದೆ. ಜೋ ಗೋಲ್ಡ್‌ಬರ್ಗ್ ಒಬ್ಬಳ ಬೆನ್ನು ಬೀಳುತ್ತಾನೆ, ಅಡ್ಡ ಬಂದವರನ್ನು ಗಾಜಿನ ಪಂಜರಕ್ಕೆ ತಳ್ಳುತ್ತಾನೆ, ಕೊಲ್ಲುತ್ತಾನೆ, ಊರು ಬದಲಿಸುತ್ತಾನೆ. ಅವನು ಅಷ್ಟು ಬೇಗ ಸಿಕ್ಕಿಬೀಳುವುದಿಲ್ಲ ಅಂತ ನಮಗೆ ಮೊದಲೇ ಗೊತ್ತು. ನನ್ನನ್ನು ಹಿಡಿದು ಕೂರಿಸಿದ್ದು ಅವನು ಕಾಲಿಟ್ಟ ಊರುಗಳು. ನ್ಯೂಯಾರ್ಕಿನಲ್ಲಿ ಪರದೆಯೇ ಇಲ್ಲದ ಕಿಟಕಿ. ಲಾಸ್ ಏಂಜಲೀಸಿನಲ್ಲಿ ‘ಅನಾವ್ರಿನ್’ ಅನ್ನುವ ದುಬಾರಿ ದಿನಸಿ ಅಂಗಡಿ. ನಿರ್ವಾಣ ಪದದ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ಆ ಹೆಸರು.

2021ರಲ್ಲಿ ಬಂದ ಮೂರನೇ ಸೀಸನ್ ಮಾತ್ರ ನೇರ ನಮ್ಮ ಬೀದಿಗೇ ಬಂದಂತಿತ್ತು. ಮಾದ್ರೆ ಲಿಂಡಾ ಕಲ್ಪನೆಯ ಊರು, ಆದರೆ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಹನ್ನೊಂದು ವರ್ಷ ಕಳೆದ ನನಗೆ ಅಲ್ಲಿನ ಪ್ರತಿ ನಗುವೂ ಪರಿಚಯ. ಶೆರಿ ಅನ್ನುವವಳು ತನ್ನ ಮನೆ, ಮಕ್ಕಳು, ಊಟ ಎಲ್ಲವನ್ನೂ ಫೋನಿನಲ್ಲಿ ಲೋಕಕ್ಕೆ ತೋರಿಸುತ್ತಾಳೆ. ಅದೇ ಊರಿನ ಬೇಕರಿಯ ನೆಲಮಾಳಿಗೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ.

ಹಿಂದಿನ ಯುಗಾದಿಗೆ ಅಮ್ಮ ಹಾಸನದಿಂದ ಬಂದಿದ್ದರು. ಪಕ್ಕದ ಮನೆಗೆ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಹಿಡಿದು ಹೋದರು. ಕರೆಗಂಟೆಯ ಕ್ಯಾಮೆರಾದೊಳಗಿಂದ ದನಿ ಬಂತು: ಥ್ಯಾಂಕ್ಸ್, ಅಲ್ಲೇ ಇಡಿ. ಬಹಳ ಸೌಜನ್ಯದ ದನಿ. ಅಮ್ಮ ಡಬ್ಬಿ ಮೆಟ್ಟಿಲ ಮೇಲಿಟ್ಟು ವಾಪಸ್ ಬಂದರು. “ಒಳಗೇ ಇದ್ರಲ್ಲೋ, ಬಾಗ್ಲು ಯಾಕೆ ತೆಗೀಲಿಲ್ಲ?” ನನ್ನ ಬಳಿ ಉತ್ತರವಿರಲಿಲ್ಲ.

ಅದಕ್ಕೇ ದಡಾರದ ಕಂತು ನನ್ನನ್ನು ಅಷ್ಟು ಅಲ್ಲಾಡಿಸಿತು. ಜೋನ ಹೆಂಡತಿ ಲವ್‌ಳ ಕೂಸಿಗೆ ದಡಾರ ಬರುತ್ತದೆ. ತನ್ನ ಮಕ್ಕಳಿಗೆ ಲಸಿಕೆ ಹಾಕಿಸಿಲ್ಲ ಅಂತ ನೆರೆಯ ಗಿಲ್ ಆಮೇಲೆ ಬಾಯಿಬಿಡುತ್ತಾನೆ. ಅವಳು ಲಟ್ಟಣಿಗೆಯಲ್ಲೇ ಬಾರಿಸುತ್ತಾಳೆ. ಇದನ್ನು ಬರೀ ಕಟ್ಟುಕಥೆ ಅನ್ನಲಾರೆ. 2014ರ ಕೊನೆಯಲ್ಲಿ ಇದೇ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಿಂದ ದಡಾರ ಹರಡಿತು. ನಂಬಿಕೆಯ ನೆಪ ಹೇಳಿ ಶಾಲಾಮಕ್ಕಳ ಲಸಿಕೆ ತಪ್ಪಿಸುವ ಅವಕಾಶವನ್ನು ರಾಜ್ಯ 2015ರಲ್ಲಿ ಕಾನೂನು ತಂದು ತೆಗೆಯಬೇಕಾಯಿತು. ಓದುಬರಹ, ದುಡ್ಡು ಎಲ್ಲ ಇದ್ದ ಜನರ ನಡುವೆಯೇ ಇದು ನಡೆದದ್ದು.

ನಮ್ಮಲ್ಲಿ ಹೀಗಾಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಶುರುವಾದಾಗ ವಾಟ್ಸಾಪಿನಲ್ಲಿ ಏನೇನೋ ಸುದ್ದಿ ಹರಿದಾಡಿತು. ನನ್ನ ತಂಗಿಯೂ ಹೆದರಿ ಮಗನನ್ನು ಎರಡು ದಿನ ಶಾಲೆಗೆ ಕಳಿಸಲಿಲ್ಲ. ಊರಿನಲ್ಲಿ ನಮ್ಮ ಬೀದಿಯ ಜನ ಸಂಬಳ ಕೇಳುತ್ತಾರೆ, ಮದುವೆ ಯಾವಾಗ ಅಂತ ಪೀಡಿಸುತ್ತಾರೆ, ನನಗೂ ಸಿಟ್ಟು ಬಂದಿದೆ. ಆದರೆ ಯಾರ ಮನೆಯ ಮಗು ಲಸಿಕೆ ತಪ್ಪಿಸಿಕೊಂಡಿದೆ ಅನ್ನುವುದೂ ಆ ಬೀದಿಗೆ ಗೊತ್ತಿರುತ್ತದೆ. ಮೂರನೇ ದಿನ ಆಶಾ ಕಾರ್ಯಕರ್ತೆ ಹುಡುಗನ ಹೆಸರು ಹಿಡಿದು ಕೂಗುತ್ತ ಬಂದರಂತೆ. ಜಗುಲಿಯ ಮೇಲೆ ಕೂತು ನೀರು ಕೇಳಿದರಂತೆ. “ನನ್ ಮಗಳಿಗೂ ಹಾಕ್ಸಿದೀನಿ ಕಣಮ್ಮ, ಬೇಕಾದ್ರೆ ಬಂದು ನೋಡು” ಅಂದರಂತೆ. ತಂಗಿ ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆಗೇ ಹೊರಟಳು.