ಮರ ತೆರವಿನ ಕೆಲಸಕ್ಕೆ ‘ಫೆಮಾ ನೋಂದಣಿ ಶುಲ್ಕ’ ಎಂಬುದಿಲ್ಲ

ಅಮೆರಿಕದಲ್ಲಿ ಚಂಡಮಾರುತ ಬಡಿದ ಮೇಲೆ ಹರಿದಾಡುವ ಮಾತೊಂದಿದೆ: ‘ಶುಲ್ಕ ಕಟ್ಟಿ ಫೆಮಾದಲ್ಲಿ ಹೆಸರು ಬರೆಸಿ, ಯಾವ ರಾಜ್ಯದಲ್ಲಾದರೂ ಮರ ಕಡಿಯುವ ಕೆಲಸ ಸಿಗುತ್ತೆ, ಗರಗಸ ಇದ್ದರೆ ಸಾಕು.’ ಇದು ಸುಳ್ಳು. ಫೆಮಾ ಎಂದರೆ ಅಮೆರಿಕ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ; ಅದು ಯಾವ ಗುತ್ತಿಗೆದಾರರಿಗೂ ಪ್ರಮಾಣಪತ್ರ ಕೊಡುವುದಿಲ್ಲ. ರಸ್ತೆಗೆ ಬಿದ್ದ ಮರಗಳ ಗುತ್ತಿಗೆ ಕೊಡುವುದು ಸಾಮಾನ್ಯವಾಗಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಅಥವಾ ನಗರಾಡಳಿತ; ಆ ಖರ್ಚಿನ ಪಾಲನ್ನು ಫೆಮಾ ಭರಿಸುತ್ತದೆ. ಹೊರರಾಜ್ಯದ ತಂಡಗಳಿಗೆ ಕೆಲಸ ಸಿಗುವುದು ಹೆಚ್ಚಾಗಿ ಮುಖ್ಯ ಗುತ್ತಿಗೆದಾರರ ಕೈಕೆಳಗೆ, ಇಲ್ಲವೇ ಮನೆ ಮಾಲೀಕರಿಂದ. ಕೇಂದ್ರ ಸರ್ಕಾರದ ಗುತ್ತಿಗೆಗೆ ಬೇಕಾದ ‘ಸ್ಯಾಮ್’ (ಸರ್ಕಾರದ ಆನ್‌ಲೈನ್ ಗುತ್ತಿಗೆ ವ್ಯವಸ್ಥೆ) ನೋಂದಣಿ ಪೂರ್ತಿ ಉಚಿತ.

ನಿಯಮವೂ ಎಲ್ಲ ಕಡೆ ಒಂದೇ ಅಲ್ಲ. 2021ರಲ್ಲಿ ಐಡಾ ಚಂಡಮಾರುತ ಅಪ್ಪಳಿಸಿದ ಲೂಸಿಯಾನಾದಲ್ಲಿ ಹಣ ಪಡೆದು ಮರ ಕಡಿಯಲು ಆ ರಾಜ್ಯದ್ದೇ ಆರ್ಬರಿಸ್ಟ್ (ಮರಗಳ ಕೆಲಸದ ವೃತ್ತಿಪರ) ಪರವಾನಗಿ ಬೇಕು. ಫ್ಲೋರಿಡಾದಲ್ಲಿ ರಾಜ್ಯಮಟ್ಟದ ಅಂಥ ಪರವಾನಗಿಯಿಲ್ಲ, ಸ್ಥಳೀಯ ನಿಯಮಗಳಿವೆ.

‘ಗರಗಸ ಇದ್ದರೆ ಸಾಕು’ ಎಂಬ ಮಾತಿಗೆ ನನಗೆ ನಿಜಕ್ಕೂ ಭಯವಾಗುತ್ತದೆ. ಬೇರುಸಮೇತ ಮಗುಚಿದ ಓಕ್ ಮರದ ಕಾಂಡ ತುಂಡಾದ ಕ್ಷಣ, ಮಣ್ಣು ಕಚ್ಚಿದ ಬುಡ ಧಡಕ್ಕನೆ ಹಿಂದಕ್ಕೆ ವಾಲಿ ಗುಂಡಿಗೆ ಕೂರಬಹುದು. ಅಲ್ಲಿ ಯಾರೂ ನಿಲ್ಲಬಾರದು, ಅನುಭವಿಗಳೂ ಸಹ.

ಶುಲ್ಕ ಕಟ್ಟಿಬಿಟ್ಟಿದ್ದರೆ ಇವತ್ತೇ ನಿಮ್ಮ ಬ್ಯಾಂಕಿಗೆ ತಿಳಿಸಿ.