ಬಣ್ಣದ ಮಾತು ಬೇಡ, ಬಣ್ಣದ ಲೆಕ್ಕ ಹೇಳಿ

"ಕೆಲಸ ಬಿಟ್ಟು ಊರಿಗೆ ಹೋಗ್ತೀನಿ, ನೈಸರ್ಗಿಕ ಬಣ್ಣದ ಬಟ್ಟೆ ಮಾಡ್ತೀನಿ, ಇನ್ನಾದರೂ ಮನಸ್ಸಿಗೆ ಒಪ್ಪೋ ಹಾಗೆ ಬದುಕ್ತೀನಿ" ಅನ್ನುವವರು ಈಗ ವಾರಕ್ಕೊಬ್ಬರು ಸಿಗುತ್ತಾರೆ. ಒಳ್ಳೆಯ ಆಸೆ, ತಮಾಷೆ ಮಾಡುತ್ತಿಲ್ಲ. ಆದರೆ ಅವರನ್ನು ಮೂರು ಪ್ರಶ್ನೆ ಕೇಳಿ ನೋಡಿ. ಒಂದು ಕೆಜಿ ಹತ್ತಿ ಬಟ್ಟೆಗೆ ಎಷ್ಟು ಗ್ರಾಂ ಪಟಿಕ ಹಾಕ್ತೀರಿ? ಬಣ್ಣ ಬೇಯಿಸಿ ಉಳಿದ ನೀರು ಎಲ್ಲಿಗೆ ಹೋಗುತ್ತೆ? ನಿಮ್ಮ ಸ್ವಂತ ದುಡಿಮೆಗೆ ದಿನಕ್ಕೆ ಎಷ್ಟು ಕೂಲಿ ಬರೆದುಕೊಂಡಿದೀರಿ? ಮೂರನೆಯದಕ್ಕೆ ಬರುವ ಹೊತ್ತಿಗೆ ಮಾತು ನಿಂತಿರುತ್ತದೆ.

ನನ್ನ ತಕರಾರು ಇಷ್ಟೇ. ಮೌಲ್ಯ, ಸೃಜನಶೀಲತೆ, ಒಪ್ಪುವ ಬದುಕು ಎಂಬ ಮಾತುಗಳನ್ನು ಧ್ಯಾನ ಶಿಬಿರದ ದನಿಯಲ್ಲಿ ಆಡಿ ಆಡಿ ಹಾಳು ಮಾಡಿದ್ದೇವೆ. ಬಣ್ಣದ ಕೆಲಸದಲ್ಲಿ ಮೌಲ್ಯ ಇರುವುದು ತಕ್ಕಡಿಯಲ್ಲಿ, ಪಾತ್ರೆಯಲ್ಲಿ, ಬಚ್ಚಲ ತೂಬಿನಲ್ಲಿ, ಬಿಲ್ ಪುಸ್ತಕದಲ್ಲಿ. ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ.

ಮೊದಲು ಒಗೆತ. ಹೊಸಬರಲ್ಲಿ ಹೆಚ್ಚಿನವರು ಸೋಲುವುದು ಇಲ್ಲೇ, ಬಣ್ಣದಲ್ಲಲ್ಲ. ಮಗ್ಗದಿಂದ ಬಂದ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಹತ್ತಿಯದೇ ಮೇಣ ಇರುತ್ತದೆ. ಅದು ಹೋಗದೆ ಬಣ್ಣ ಒಳಗಿಳಿಯುವುದಿಲ್ಲ, ಮೇಲೆ ಕೂರುತ್ತದೆ. ಒಂದು ಕೆಜಿ ಬಟ್ಟೆಗೆ 25ರಿಂದ 30 ಲೀಟರ್ ನೀರು ಬೇಕು, ಬಟ್ಟೆ ಪಾತ್ರೆಯಲ್ಲಿ ಸರಾಗವಾಗಿ ತಿರುಗಬೇಕು. 30ರಿಂದ 40 ಗ್ರಾಂ ಸೋಡಾ ಆ್ಯಶ್, ಒಂದಿಷ್ಟು ಸಾದಾ ಸೋಪು, ಕುದಿಯ ಹತ್ತಿರದ ಬಿಸಿಯಲ್ಲಿ ಒಂದರಿಂದ ಎರಡು ಗಂಟೆ. ನೀರು ಚಹಾದಂತೆ ಆಗುತ್ತದೆ. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಹೀರಿಕೊಂಡರೆ ಸರಿ. ಹನಿ ಮುತ್ತಿನಂತೆ ನಿಂತರೆ ಇನ್ನೊಮ್ಮೆ ಬೇಯಿಸಿ. ಈ ಎರಡು ಗಂಟೆ ಉಳಿಸಲು ಹೋದವರ ಸೀರೆಯಲ್ಲಿ ಮೋಡ ಮೋಡವಾದ ಕಲೆ ಬೀಳುತ್ತದೆ. ಆಮೇಲೆ ಅದಕ್ಕೆ "ಕೈಕೆಲಸದ ಸಹಜ ಸೌಂದರ್ಯ" ಎಂದು ಹೆಸರಿಟ್ಟು ಮಾರುತ್ತಾರೆ. ಮೊದಲ ಸುಳ್ಳು ಶುರುವಾಗುವುದು ಹೀಗೆ.

ನಂತರ ಬಣ್ಣ ಕಚ್ಚಿಸುವ ಕೆಲಸ. ಬಣ್ಣವನ್ನು ಎಳೆಗೆ ಹಿಡಿಸುವುದು ಪಟಿಕ. ರೇಷ್ಮೆ, ಉಣ್ಣೆ ಪಟಿಕವನ್ನು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಹತ್ತಿ ಹಿಡಿಯುವುದಿಲ್ಲ, ಅದಕ್ಕೆ ನಡುವೆ ಒಗರು (ಟ್ಯಾನಿನ್) ಬೇಕು. ನಮ್ಮಲ್ಲಿ ಆ ಒಗರೆಂದರೆ ಅಳಲೆಕಾಯಿ. ಕೆಜಿ ಬಟ್ಟೆಗೆ 150ರಿಂದ 200 ಗ್ರಾಂ ಅಳಲೆಪುಡಿಯನ್ನು ಬೆಚ್ಚನೆ ನೀರಿನಲ್ಲಿ ಕಲಸಿ, ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ನೆನೆಸಿಡಿ. ಜಾಲಿಸಬೇಡಿ. ಹಿಂಡಿ ನೆರಳಲ್ಲಿ ಒಣಗಿಸಿದರೆ ಬೆಣ್ಣೆಯ ಹಳದಿ ಬರುತ್ತದೆ. ಮರುದಿನ ಪಟಿಕ, ಕ್ಷೌರದ ಅಂಗಡಿಯ ಆ ಬಿಳಿ ಕಲ್ಲೇ, 150ರಿಂದ 200 ಗ್ರಾಂ. ಬಿಸಿ ನೀರಿನಲ್ಲಿ ಪೂರ್ತಿ ಕರಗಿಸಿ, ಕೈ ತಾಳುವಷ್ಟು ಬಿಸಿಯಲ್ಲಿ ಬಟ್ಟೆ ಅದ್ದಿ ಇನ್ನೊಂದು ರಾತ್ರಿ ಬಿಡಿ. ಬಣ್ಣದ ಪಾತ್ರೆಗೆ ಬಟ್ಟೆ ಇಳಿಯುವುದು ಮೂರನೇ ದಿನ ಅಥವಾ ನಾಲ್ಕನೇ ದಿನ. ಇದನ್ನು ಒಂದು ದಿನದ ಕಾರ್ಯಾಗಾರದಲ್ಲಿ ಕಲಿಸುತ್ತೇವೆ ಎನ್ನುವವರು ಈ ಎರಡು ರಾತ್ರಿಗಳನ್ನು ಎಲ್ಲಿಟ್ಟಿದ್ದಾರೆ ಎಂದು ಕೇಳಿ.

ಗಾಢ ಬಣ್ಣ ಬೇಕಾದರೆ ಅನ್ನಭೇದಿ. ಕಬ್ಬಿಣದ ಉಪ್ಪು ಅದು. ಒಗರಿನ ಜೊತೆ ಸೇರಿ ಬೂದು, ಕಪ್ಪು ಕೊಡುತ್ತದೆ. ಕೆಜಿಗೆ 10ರಿಂದ 20 ಗ್ರಾಂ ಸಾಕು. ಇನ್ನಷ್ಟು ಕಪ್ಪಾಗಲಿ ಎಂದು ಸುರಿದರೆ ಕಬ್ಬಿಣ ಎಳೆಯನ್ನೇ ತಿನ್ನುತ್ತದೆ. ಹಳೆಯ ಕಲಂಕಾರಿ ಬಟ್ಟೆಗಳಲ್ಲಿ ಕಪ್ಪು ಗೆರೆ ಇದ್ದಲ್ಲೇ ಬಟ್ಟೆ ಹರಿದಿರುವುದನ್ನು ಗಮನಿಸಿ. ಹೊರಗೆ ಏನೂ ಕಾಣದು, ಕೆಲವು ವರ್ಷಕ್ಕೆ ಮಡಚಿದ ಕಡೆ ಬಿರುಕು ಬಿಡುತ್ತದೆ. ಆ ಹೊತ್ತಿಗೆ ಮಾರಿದವರ ನೆನಪು ಯಾರಿಗಿರುತ್ತದೆ?

ಇನ್ನು ಮೈಲುತುತ್ತ. ಮಲೆನಾಡಿನ ಮನೆಗಳಲ್ಲಿ ಅಡಿಕೆಯ ಕೊಳೆರೋಗಕ್ಕೆಂದು ತಂದ ಚೀಲ ಹೇಗೂ ಇರುತ್ತದೆ, ಹಳದಿಯನ್ನು ಹಸಿರಿಗೆ ತಿರುಗಿಸುತ್ತದೆ, ಆಸೆಯಾಗುತ್ತದೆ. ಅದು ತಾಮ್ರದ ಉಪ್ಪು, ನೀರಿನಲ್ಲಿರುವ ಜೀವಕ್ಕೆ ವಿಷ. ಕ್ರೋಮಿಯಂ ಉಪ್ಪುಗಳಂತೂ ಇನ್ನೂ ಅಪಾಯ, ಡೈಕ್ರೋಮೇಟ್ ಕ್ಯಾನ್ಸರ್ ತರುವಂಥದ್ದು. ಚೆಂಡುಹೂವಿನ ಬಣ್ಣವನ್ನು ಕ್ರೋಮಿಯಂನಿಂದ ಕಚ್ಚಿಸಿ "ಶುದ್ಧ ನೈಸರ್ಗಿಕ" ಎಂದು ಚೀಟಿ ಅಂಟಿಸಿದರೆ ಕಾನೂನು ಹಿಡಿಯದಿರಬಹುದು, ಹೂವು ನಿಜವೂ ಆಗಿರಬಹುದು. ಆದರೂ ಅದು ಮೋಸ. ಬಣ್ಣ ಎಲ್ಲಿಂದ ಬಂತು ಎಂಬುದು ಅರ್ಧ ಪ್ರಶ್ನೆ, ಯಾವುದರಿಂದ ಕಚ್ಚಿತು ಎಂಬುದು ಉಳಿದರ್ಧ.

ನೀರಿನ ವಿಷಯ ಯಾರೂ ಹೇಳುವುದಿಲ್ಲ. ಒಂದೇ ತೂಕ, ಒಂದೇ ದಾಳಿಂಬೆ ಸಿಪ್ಪೆ, ಆದರೂ ಮಲೆನಾಡಿನ ಸಾಗರ ಪಟ್ಟಣದಲ್ಲಿ ಹಳದಿ ಬಂದದ್ದು ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಕಳೆಗುಂದಿದ ಪಾಚಿ ಬಣ್ಣವಾದರೆ ತಪ್ಪು ನಿಮ್ಮದಲ್ಲ, ನೀರಿನ ಕಬ್ಬಿಣದ್ದು. ಒಂದು ಲೋಟ ನೀರಿಗೆ ಚಿಟಿಕೆ ಅಳಲೆಪುಡಿ ಹಾಕಿ ಸ್ವಲ್ಪ ಹೊತ್ತು ಬಿಡಿ. ನೀರು ಬೂದು ಬಣ್ಣಕ್ಕೆ ತಿರುಗಿದರೆ ಕಬ್ಬಿಣವಿದೆ. ಆಗ ಮಳೆನೀರು ಹಿಡಿದಿಡಬೇಕು, ಇಲ್ಲವೇ ಬೂದು ಬಣ್ಣಗಳನ್ನೇ ನಿಮ್ಮ ಊರಿನ ಬಣ್ಣ ಎಂದು ಒಪ್ಪಿಕೊಳ್ಳಬೇಕು. ಎರಡನೆಯದು ನನಗೆ ಹೆಚ್ಚು ಇಷ್ಟ. ಪಾತ್ರೆಯೂ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆ ಚೆಂದ ಕಾಣುತ್ತದೆ, ಫೋಟೊಗೆ ಮಾತ್ರ.

ಈಗ ಕಹಿ ಮಾತು. ಅರಿಶಿನ ಬಟ್ಟೆಯ ಬಣ್ಣವಲ್ಲ. ಮೊದಲ ದಿನ ಅದರಷ್ಟು ಹೊಳೆಯುವ ಹಳದಿ ಇನ್ನೊಂದಿಲ್ಲ, ಬಿಸಿಲಿಗೆ ಹಾರಿಹೋಗುವುದರಲ್ಲೂ ಅದೇ ಮುಂದು. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಅದೇ ಕ್ರಿಯೆ ಸೋಪಿನ ಕ್ಷಾರ ತಾಗಿದಾಗ ನಿಮ್ಮ ಕುರ್ತಾದ ಮೇಲೂ ನಡೆಯುತ್ತದೆ. ಬೀಟ್‌ರೂಟ್ ಅಂತೂ ಎರಡು ಒಗೆತಕ್ಕೆ ಮುಗಿಯಿತು. ಇವುಗಳಿಂದ ಮಕ್ಕಳಿಗೆ ಆಟ ಕಲಿಸಿ, ದುಡ್ಡು ತೆಗೆದುಕೊಂಡು ಮಾರಬೇಡಿ. ಯಾವುದೇ ಹೊಸ ಬಣ್ಣ ಮಾರುವ ಮುಂಚೆ ಒಂದು ಪಟ್ಟಿ ಬಟ್ಟೆಯ ಅರ್ಧಕ್ಕೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ವಾರ ಇಡಿ. ಇನ್ನೊಂದು ಪಟ್ಟಿಯನ್ನು ಬಿಳಿ ಬಟ್ಟೆಗೆ ಹೊಲಿದು ಐದು ಸಲ ಒಗೆಯಿರಿ. ರಟ್ಟು ತೆಗೆದಾಗ ಗೆರೆ ಎದ್ದು ಕಂಡರೆ, ಅಥವಾ ಬಿಳಿ ಬಟ್ಟೆಗೆ ಬಣ್ಣ ಹತ್ತಿದ್ದರೆ, ಆ ಬಣ್ಣ ಬಿಡಿ. ಎಷ್ಟೇ ಇಷ್ಟವಾಗಿದ್ದರೂ ಬಿಡಿ.

ಹಾಗಾದರೆ ನಿಲ್ಲುವ ಬಣ್ಣ ಯಾವುದು? ಮಲೆನಾಡಿನವರಿಗೆ ಉತ್ತರ ಹಿತ್ತಲಲ್ಲೇ ಇದೆ: ಚೊಗರು. ಎಳೆಯ ಹಸಿ ಅಡಿಕೆ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವಾಗ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸ ಅದು. ಅದರಲ್ಲಿ ಒಗರು ತುಂಬಿದೆ, ಹಾಗಾಗಿ ಹತ್ತಿಗೆ ತಾನಾಗಿ ಅಂಟುವ ಗುಣ ಹುಟ್ಟಿನಿಂದಲೇ ಇದೆ. ಪಟಿಕದ ಮೇಲೆ ಕೆಂಪು ಮಿಶ್ರಿತ ಕಂದು, ಅನ್ನಭೇದಿ ತಾಗಿದರೆ ಬೂದು. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿಯ ಭೀಮನಕೋಣೆಯಲ್ಲಿ ಚರಕ ಮಹಿಳಾ ಸಹಕಾರ ಸಂಘ ಈ ಚೊಗರಿನ ಬಣ್ಣವನ್ನೇ ಕೈಮಗ್ಗದ ಬಟ್ಟೆಗೆ ಹಾಕಿ ರಾಜ್ಯದ ತುಂಬ ಉಡಿಸಿತು. ನನ್ನ ಮಟ್ಟಿಗೆ ಸೃಜನಶೀಲತೆ ಎಂದರೆ ಇದು. ದೂರದ ಬಣ್ಣ ತರಿಸುವುದಲ್ಲ, ಸುತ್ತಲಿನವರು ಉಳಿಕೆ ಎಂದುಕೊಂಡದ್ದರಲ್ಲಿ ಸೀರೆ ಕಾಣುವುದು. ಚೊಗರು ಸಿಗುವುದು ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ, ಬೇಸಿಗೆಗೆ ಬೇಕಾದರೆ ಕಾಯಿಸಿ ಗಟ್ಟಿ ಮಾಡಿಟ್ಟುಕೊಳ್ಳಬೇಕು. ಒಂದೊಂದು ಮನೆಯ ಚೊಗರಿನ ಗಟ್ಟಿತನ ಒಂದೊಂದು ಥರ. ಹೊಸ ಡಬ್ಬ ತಂದಾಗಲೆಲ್ಲ ತುಂಡು ಬಟ್ಟೆಯಲ್ಲಿ ಪರೀಕ್ಷೆ ಮಾಡದೆ ಸೀರೆ ಅದ್ದಬಾರದು.

ನೀಲಿಯದು (ಇಂಡಿಗೊ) ಬೇರೆಯದೇ ಲೋಕ. ಅದಕ್ಕೆ ಪಟಿಕ ಬೇಡ. ನೀರಿನಲ್ಲಿ ಕರಗದ ಪುಡಿ ಅದು, ಸುಣ್ಣದ ಕ್ಷಾರದಲ್ಲಿ ಬೆಲ್ಲದಂಥ ಸಿಹಿಯೋ ತಗಚೆ ಬೀಜವೋ ಹುದುಗಿ ಅದನ್ನು ಕರಗಿಸಬೇಕು. ತೊಟ್ಟಿಯ ಮೇಲೆ ತಾಮ್ರದ ಹೊಳಪಿನ ಪೊರೆ, ಕೆಳಗೆ ಹಳದಿ ಹಸಿರು ನೀರು ಕಂಡರೆ ತಯಾರು. ಇಡೀ ನೀರು ನೀಲಿಯಾಗಿಯೇ ಇದ್ದರೆ ಇನ್ನೂ ಆಗಿಲ್ಲ, ಅದರಲ್ಲಿ ಅದ್ದಿದ ಬಟ್ಟೆ ಒಗೆದಾಗ ಬೆಳ್ಳಗಾಗುತ್ತದೆ. ಒಮ್ಮೆ ದೀರ್ಘವಾಗಿ ಅದ್ದುವುದಕ್ಕಿಂತ ಐದಾರು ಸಲ ಚಿಕ್ಕದಾಗಿ ಅದ್ದಿ ಗಾಳಿಗೆ ಹಿಡಿಯುವುದು ಸರಿ. ಮೊದಲ ವರ್ಷ ಇದಕ್ಕೆ ಕೈ ಹಾಕಬೇಡಿ ಎನ್ನುವುದು ನನ್ನ ಸಲಹೆ.

ಉಳಿದ ನೀರು. ಪಟಿಕದ ನೀರನ್ನು "ನೈಸರ್ಗಿಕ ತಾನೆ" ಎಂದು ಗಿಡದ ಬುಡಕ್ಕೆ ಚೆಲ್ಲುವವರಿದ್ದಾರೆ. ಮಲೆನಾಡಿನ ಮಣ್ಣು ಮೊದಲೇ ಹುಳಿ, ಅದರ ಮೇಲೆ ಹುಳಿಯಾದ ಅಲ್ಯೂಮಿನಿಯಂ ನೀರು ಸುರಿದರೆ ಬೇರಿಗೆ ಕೇಡು. ಮೊದಲು ಆ ನೀರನ್ನೇ ಮತ್ತೆ ಬಳಸಿ, ಎರಡನೇ ಸಲ ಅರ್ಧ ಪಟಿಕ ಸೇರಿಸಿದರೆ ಸಾಕು. ಕೊನೆಗೆ ಚೆಲ್ಲಲೇಬೇಕಾದಾಗ ಸ್ವಲ್ಪ ಸ್ವಲ್ಪವೇ ಸುಣ್ಣದ ನೀರು ಹಾಕಿ ಕಲಕಿ. ಬಿಳಿಯ ಲೋಳೆಯಂಥದ್ದು ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಬಿಡಬಹುದು. ಉರುವಲಿನ ಲೆಕ್ಕವೂ ಇದೆ. 30 ಲೀಟರ್ ನೀರನ್ನು ಕುದಿಯ ಹತ್ತಿರಕ್ಕೆ ತರಲು ಸುಮಾರು 300 ಗ್ರಾಂ ಗ್ಯಾಸ್ ಬೇಕು. ಒಗೆತಕ್ಕೊಮ್ಮೆ, ಬಣ್ಣಕ್ಕೊಮ್ಮೆ, ನಡುವೆ ಬಿಸಿ ಹಿಡಿದಿಡಲು ಇನ್ನಷ್ಟು ಸೇರಿಸಿದರೆ ಕೆಜಿ ಬಟ್ಟೆಗೆ ಹೆಚ್ಚುಕಡಿಮೆ ಒಂದು ಕೆಜಿ ಗ್ಯಾಸ್. ಅದಕ್ಕೆ ಅಡುಗೆಮನೆಯ 14.2 ಕೆಜಿ ಸಿಲಿಂಡರ್ ಬಳಸುವುದು ನಿಯಮಕ್ಕೆ ವಿರುದ್ಧ, ವ್ಯಾಪಾರಕ್ಕೆ 19 ಕೆಜಿಯಂಥ ವಾಣಿಜ್ಯ ಸಿಲಿಂಡರೇ ಬೇಕು. ಪರಿಸರದ ಬಗ್ಗೆ ಉದ್ದುದ್ದ ಬರೆಯುವವರು ಇಲ್ಲಿ ಮೆತ್ತಗಾಗುವುದನ್ನು ನೋಡಿದರೆ ನಗು ಬರುತ್ತದೆ.

ಈಗ ಮೂರನೇ ಪ್ರಶ್ನೆ, ಕೂಲಿ. ಒಂದು ಮಾದರಿ ಲೆಕ್ಕ ಹಾಕೋಣ, ನಿಮ್ಮೂರಿನ ದರ ಹಾಕಿ ತಿದ್ದಿಕೊಳ್ಳಿ. ಬಣ್ಣವಿಲ್ಲದ ಕೈಮಗ್ಗದ ಹತ್ತಿ ಸೀರೆ 900 ರೂಪಾಯಿ. ಸೀರೆಯ ತೂಕ ಅರ್ಧ ಕೆಜಿ, ಎರಡು ಸೀರೆಗೆ ಒಟ್ಟು ಒಂದೂವರೆ ದಿನದ ದುಡಿಮೆ. ದಿನಗೂಲಿ 700 ಎಂದರೆ ಸೀರೆಗೆ 525. ಬಣ್ಣ, ಅಳಲೆ, ಪಟಿಕಕ್ಕೆ 100. ಗ್ಯಾಸಿಗೆ 60. ಒಟ್ಟು 1,585. ಹತ್ತರಲ್ಲಿ ಒಂದು ಕೆಡುತ್ತದೆ, ಕೆಟ್ಟೇ ಕೆಡುತ್ತದೆ, ಅದರ ಭಾರ ಉಳಿದ ಒಂಬತ್ತು ಹೊರಬೇಕು: ಸುಮಾರು 1,760. ಅಂಗಡಿಯವರು ನೂರಕ್ಕೆ 35 ಇಟ್ಟುಕೊಂಡರೆ ಮಾರುವ ಬೆಲೆ 2,700 ಇದ್ದಾಗ ಮಾತ್ರ ನಿಮಗೆ ಬರೀ ಕೂಲಿ ಹುಟ್ಟುತ್ತದೆ. ಲಾಭ ಇನ್ನೂ ಬಂದಿಲ್ಲ. ಇದನ್ನು 1,500ಕ್ಕೆ ಮಾರಿ "ನಾಲ್ಕುನೂರು ಉಳಿಯಿತು" ಎನ್ನುವವರು ತಮ್ಮ ಕೂಲಿಯನ್ನು ಸೊನ್ನೆ ಎಂದು ಬರೆದುಕೊಂಡಿದ್ದಾರೆ. ಅದು ತ್ಯಾಗವಲ್ಲ. ಪಕ್ಕದೂರಿನಲ್ಲಿ ಇದೇ ಕೆಲಸದಿಂದ ಮನೆ ನಡೆಸುವ ಹೆಂಗಸಿನ ಬೆಲೆಯನ್ನೂ ನೀವು ಕೆಡಿಸುತ್ತಿದ್ದೀರಿ. ಸಂಬಳದ ಗಂಡನೋ ಹೆಂಡತಿಯೋ ಬೆನ್ನಿಗಿರುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ದೊಡ್ಡ ಆರ್ಡರ್ ಬರುತ್ತದೆ: ಮದುವೆಗೆ 40 ಸೀರೆ, ಒಂದೇ ಛಾಯೆ, 15 ದಿನ. ಚೊಗರಿನಲ್ಲಿ ಒಂದೇ ಛಾಯೆ ಬೇಕಾದರೆ ಎಲ್ಲ ಬಟ್ಟೆಯೂ ಒಂದೇ ನೇಯ್ಗೆಯ ಕಂತಿನದು, ಒಂದೇ ಪಾತ್ರೆಯದು ಆಗಬೇಕು. 20 ಕೆಜಿಗೆ 500 ಲೀಟರ್‌ಗೂ ಮೇಲಿನ ತೊಟ್ಟಿ ಬೇಕು. ಇಲ್ಲದಿದ್ದರೆ ಆಗುವುದಿಲ್ಲ ಎಂದು ಹೇಳಬೇಕು, ಅಥವಾ "ನಾಲ್ಕು ಛಾಯೆ ಬರುತ್ತೆ, ಒಪ್ಪಿಗೆನಾ?" ಎಂದು ಮುಂಗಡ ತೆಗೆದುಕೊಳ್ಳುವ ಮೊದಲೇ ಕೇಳಬೇಕು. ಒಪ್ಪಿಕೊಂಡು ಕೊನೆಗೆ ರಾತ್ರೋರಾತ್ರಿ ಪೇಟೆಯ ರಾಸಾಯನಿಕ ಬಣ್ಣ ಬೆರೆಸುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಹೇಳದ ಸಂಗತಿ. ರಾಸಾಯನಿಕ ಬಣ್ಣ ಪಾಪವೇನಲ್ಲ, ಅದನ್ನು ಹಾಗೆಂದು ಹೇಳಿ ಮಾರಿ.

ಇಷ್ಟು ಓದಿಯೂ ಕೆಲಸ ಬಿಡಬೇಕು ಅನಿಸಿದರೆ, ತಕ್ಷಣ ಬಿಡಬೇಡಿ. ಅಕ್ಕಪಕ್ಕದ ಊರಲ್ಲೇ ಎರಡು ಪಾಠ ಇವೆ. ಕೆ.ವಿ. ಸುಬ್ಬಣ್ಣ ಹೆಗ್ಗೋಡಿನಲ್ಲಿ ನೀನಾಸಂ ಎಂಬ ರಂಗಸಂಸ್ಥೆ, ಅಕ್ಷರ ಪ್ರಕಾಶನ ಕಟ್ಟಿದ್ದು ಅಡಿಕೆ ತೋಟ ನೋಡಿಕೊಂಡೇ. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅವರು ಕೃಷಿಕರೇ. ಅನ್ನದ ಮೂಲ ಬೇರೆ ಇದ್ದದ್ದರಿಂದ ನಾಟಕ, ಪುಸ್ತಕ ಯಾವುದನ್ನೂ ಪೇಟೆಯ ರುಚಿಗೆ ಬಗ್ಗಿಸಬೇಕಾಗಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಎರಡನೆಯದು ಚರಕದ್ದೇ. ಕೈ ಉತ್ಪನ್ನಕ್ಕೆ ತೆರಿಗೆ ಬೇಡ ಎಂದು ಅದನ್ನು ಕಟ್ಟಿದ ರಂಗಕರ್ಮಿ ಪ್ರಸನ್ನ 2017ರಲ್ಲಿ ಬೆಂಗಳೂರಿನಲ್ಲಿ ಉಪವಾಸ ಕೂತರು. ಅಷ್ಟು ಕೈಗಳು, ಅಷ್ಟು ಹೆಸರು ಇದ್ದ ಸಂಸ್ಥೆಯೂ ಕೊರೊನಾ ಕಾಲದಲ್ಲಿ ಮಾರಾಟವಾಗದ ಬಟ್ಟೆಯ ರಾಶಿಯಿಂದ ಸಂಕಟಕ್ಕೆ ಸಿಕ್ಕಿತು. ಒಬ್ಬರೇ ಮಾಡುವವರಿಗೆ ಕಪಾಟಿನಲ್ಲಿ ಮಲಗಿದ 30 ಸೀರೆಯೇ ಸಾಕು ಮುಳುಗಿಸಲು. ಆದ್ದರಿಂದ ಸಂಬಳ ಬರುತ್ತಿರುವಾಗಲೇ, ವಾರಾಂತ್ಯಗಳಲ್ಲಿ, ಎರಡೇ ಬಣ್ಣದಲ್ಲಿ 100 ಸೀರೆ ಮಾಡಿ, ಪೂರ್ತಿ ಬೆಲೆಗೆ ಮಾರಿ. ನೆಂಟರಿಗೆ ಮಾರಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೊಂದು ಸಲವೂ ತೂಕ, ನೀರು, ಹೊತ್ತು ಬರೆದು, ಪಕ್ಕದಲ್ಲಿ ಬೆರಳಗಲ ತುಂಡು ಅಂಟಿಸಿದ ಒಂದು ಪುಸ್ತಕ ಇರಲಿ. ಆರು ತಿಂಗಳಿಗೆ ಆ ಪುಸ್ತಕ ತುಂಬದಿದ್ದರೆ ನಿಮಗೆ ಇಷ್ಟವಿರುವುದು ಬಣ್ಣವಲ್ಲ, ರಜೆ.

ಸೀರೆಗೆ ಕಟ್ಟುವ ಚೀಟಿಯಲ್ಲಿ ಹಕ್ಕಿ, ಎಲೆಯ ಚಿತ್ರಕ್ಕಿಂತ ಇಷ್ಟು ಬರೆಯಿರಿ: "ಬಣ್ಣ ಅಡಿಕೆ ಚೊಗರಿನದು. ಕಚ್ಚಿಸಿದ್ದು ಅಳಲೆ, ಪಟಿಕದಿಂದ. ಅಂಚಿನ ಬೂದು ಬಣ್ಣಕ್ಕೆ ಅನ್ನಭೇದಿ ಬಳಸಿದೆ. ಮೊದಲ ಎರಡು ಒಗೆತ ಬೇರೆಯಾಗಿ, ತಣ್ಣೀರಿನಲ್ಲಿ, ಸೌಮ್ಯ ಸೋಪಿನಿಂದ. ನೆರಳಲ್ಲಿ ಒಣಗಿಸಿ. ನಿಂಬೆರಸ, ಹುಣಸೆಹುಳಿ ಬಿದ್ದರೆ ಅಲ್ಲಿ ಬಿಳಿಚಿಕೊಳ್ಳುತ್ತದೆ, ತಕ್ಷಣ ನೀರು ಹಾಕಿ. ವರ್ಷ ಕಳೆದಂತೆ ಬಣ್ಣ ತುಸು ತಿಳಿಯಾಗುತ್ತದೆ. ತೀರಾ ತಿಳಿಯಾದರೆ ತಂದುಕೊಡಿ, ಕೂಲಿ ಮಾತ್ರ ತೆಗೆದುಕೊಂಡು ಮತ್ತೆ ಅದ್ದಿಕೊಡುತ್ತೇವೆ."